ಕೆರೆಯ ನೋಟಕ್ಕಾಗಿ ಕಿತ್ತ ಬೋರ್ಡು

ರೇಣುಕಾ, ನಿಮ್ಮ ಖಾನಾವಳಿಯ ಬೋರ್ಡನ್ನು ಕೀಳಿಸಿದವಳು ನಾನು. ಲಾರಿಗೆ ಎಸೆದವರು ಮುನಿಸಿಪಾಲಿಟಿಯ ಆಳುಗಳು, ಎಸೆಯಿರಿ ಎಂದವನು ವಾರ್ಡ್ ಆಫೀಸಿನ ಸಾಹೇಬ — ಇಷ್ಟು ನಿನಗೆ ಗೊತ್ತು, ಇಡೀ ಗಲ್ಲಿಗೆ ಗೊತ್ತು. ಆದರೆ ಅದಕ್ಕೆ ಮೊದಲು ಅವನು ನನ್ನನ್ನು ಒಂದು ಪ್ರಶ್ನೆ ಕೇಳಿದ್ದ. ನಾನು ಸುಳ್ಳು ಹೇಳಿದೆ. ಬಾಯಿ ತಪ್ಪಿ ಬಂದದ್ದಲ್ಲ — ಚೆನ್ನಾಗಿ ತಿಳಿದೇ ಹೇಳಿದ್ದು. ಆಮೇಲೆ ಇಷ್ಟು ವರ್ಷ ಏನೂ ಆಗದವಳ ಹಾಗೆ ಊಟ ಮಾಡಿಕೊಂಡು, ನಿದ್ದೆ ಮಾಡಿಕೊಂಡು ಇದ್ದೆ.

ನಿನಗೆ ಸಿಟ್ಟು ಬಂದರೆ ಬರಲಿ. ನನಗಂತೂ ಬಂದಿದೆ. ಆ ಬಿಲ್ಡರನ ಮೇಲೆ, ನಮ್ಮ ಸಮಿತಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಈ ನಿನ್ನ ಟೀಚರ್ ಮೇಲೆ.

ಠಾಣೆಯ ನಮ್ಮ ಮನೆಯ ಗ್ಯಾಲರಿ ನಿನಗೆ ನೆನಪಿರಬಹುದು. ಎದುರಿಗೆ ಕೆರೆ, ಕೆರೆಯಾಚೆ ಯೇವೂರಿನ ಗುಡ್ಡ. ಮದುವೆಯಾಗಿ ಉಡುಪಿಯಿಂದ ಈ ಮುಂಬಯಿ ಕಡೆಗೆ ಬಂದ ಹೊಸತರಲ್ಲಿ ಊರಿನ ನೆನಪಾಗಿ ಅಳು ಬಂದಾಗಲೆಲ್ಲ ಅಲ್ಲಿ ಹೋಗಿ ನಿಲ್ಲುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ಒಂದು ದಿನ ನೋಡುತ್ತೇನೆ, ದಂಡೆಯ ಮೇಲೆ ಕಬ್ಬಿಣದ ಕಂಬಗಳು ಎದ್ದಿವೆ. ವಾರದಲ್ಲಿ ಗುಡ್ಡ ಮಾಯ, ಅರ್ಧ ಕೆರೆಯೂ ಮಾಯ. ಘೋಡಬಂದರ್ ರಸ್ತೆಯಲ್ಲಿ ಟವರ್ ಕಟ್ಟುತ್ತಿದ್ದ ಬಿಲ್ಡರನೊಬ್ಬನ ಹೋರ್ಡಿಂಗ್ ಅದು. ಅದರ ಮೇಲೆ ಏನು ಚಿತ್ರ ಗೊತ್ತೇನು? ಕೆರೆ, ಗುಡ್ಡ, ಗ್ಯಾಲರಿಯಲ್ಲಿ ನಿಂತು ಚಹಾ ಕುಡಿಯುತ್ತಿರುವ ಹೆಂಗಸು! ಇದ್ದ ಕೆರೆಯನ್ನು ಮುಚ್ಚಿ ಕೆರೆಯ ನೋಟ ಮಾರುವ ನಾಚಿಕೆಗೆಟ್ಟವರು. ಈಗಲೂ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಸುತ್ತಲಿನ ಸೊಸೈಟಿಗಳವರು ಸೇರಿ ಸಮಿತಿ ಮಾಡಿದೆವು. ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು, ಮರಾಠಿಯೂ ಚೆನ್ನಾಗಿ ಬರುತ್ತದೆ ಎಂದು ನನ್ನನ್ನೇ ಮುಂದೆ ಬಿಟ್ಟರು. ವಾರ್ಡ್ ಆಫೀಸಿನ ಮೆಟ್ಟಿಲು ಹತ್ತಿ ಹತ್ತಿ ಮಂಡಿ ಸವೆಯಿತು. ಕೊನೆಗೂ ನಿಯಮ ಬಂತು: ಕೆರೆಯ ದಂಡೆಯಲ್ಲಿ ಜಾಹೀರಾತು ಕೂಡದು, ಅಂಗಡಿಯವರು ತಮ್ಮ ಹೆಸರಿನ ಸಣ್ಣ ಬೋರ್ಡು ಮಾತ್ರ ಇಟ್ಟುಕೊಳ್ಳಬಹುದು. ಆ ಎರಡನೆಯ ಮಾತನ್ನು ಸೇರಿಸಿ, ಬಡವರ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದವಳೂ ನಾನೇ. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಹೋರ್ಡಿಂಗ್ ಇಳಿಸುವ ದಿನ ಲಾರಿ ಬಂತು, ಪೇಪರಿನ ಫೋಟೋಗ್ರಾಫರ್ ಬಂದ, ನಾವು ಪೇಢೆ ತಂದಿದ್ದೆವು. ಅಷ್ಟರಲ್ಲಿ ಸಾಹೇಬನಿಗೆ ಫೋನು. ಬಿಲ್ಡರ್ ಕೋರ್ಟಿನಿಂದ ಸ್ಟೇ ತಂದಿದ್ದಾನೆ, ಆ ಹೋರ್ಡಿಂಗನ್ನು ಮುಟ್ಟುವ ಹಾಗಿಲ್ಲ. ಬಿಸಿಲಿನಲ್ಲಿ ನಾವೆಲ್ಲ ಮುಖ ಮುಖ ನೋಡಿಕೊಂಡು ನಿಂತೆವು. ಅಷ್ಟು ಜನರ ಮುಂದೆ ಅವಮಾನವಾಗಿ, ಪೇಢೆಯ ಡಬ್ಬಿಯನ್ನು ಸೆರಗಿನಡಿ ಮುಚ್ಚಿಕೊಂಡೆ. ಸಾಹೇಬನಿಗೂ ಖಾಲಿ ಲಾರಿ ಒಯ್ಯಲು ಮನಸ್ಸಿಲ್ಲ. "ಕುಛ್ ತೋ ಉಠಾನಾ ಪಡೇಗಾ, ಮೇಡಂ," ಅಂದ. ಏನಾದರೊಂದು ಎತ್ತಲೇಬೇಕಂತೆ. ಸುತ್ತ ಕಣ್ಣು ಹಾಯಿಸಿದ. ದಂಡೆಗೆ ಬಂದು ಕೂಡುವ ಗಲ್ಲಿಯ ಬಾಯಲ್ಲಿ ನಿಮ್ಮ ತಗಡಿನ ಬೋರ್ಡು ಕಂಡಿತು.

ಗಲ್ಲಿಯ ಒಳಗೆ, ಖಾನಾವಳಿಯ ಬಾಗಿಲ ಮೇಲೆ ಮರಾಠಿ ಬೋರ್ಡು ಇತ್ತು. ಇದು ಕನ್ನಡದ್ದು. ಬೆಳಗ್ಗೆ ನಾಕಾದ ಚೌಕದಲ್ಲಿ ಕೂಲಿಗೆ ನಿಲ್ಲುವ ವಿಜಯಪುರ, ಕಲಬುರಗಿ, ರಾಯಚೂರಿನವರಿಗೆ ದಾರಿ ತೋರಿಸಲೆಂದು ನೀನೇ ಬಣ್ಣದಲ್ಲಿ ಬರೆದದ್ದು: ನೀಲವ್ವನ ಖಾನಾವಳಿ, ಒಳಗ ಬರ್ರಿ. ಪಕ್ಕದಲ್ಲಿ ಒಂದು ಬಾಣ, ಒಂದು ರೊಟ್ಟಿ, ಒಂದು ಕೆಂಪು ಮೆಣಸಿನಕಾಯಿ. ಸಾಹೇಬನಿಗೆ ಅದು ಓದಲು ಬರದು. ನನ್ನ ಕಡೆ ತಿರುಗಿದ.

"ಹೇ ಕಾಯ್ ಲಿಹಿಲಯ್, ಬಾಯಿ? ದುಕಾನಾಚ ನಾವ್, ಕೀ ಜಾಹಿರಾತ್?"

ಏನು ಬರೆದಿದೆ, ಅಂಗಡಿಯ ಹೆಸರೋ, ಜಾಹೀರಾತೋ ಎಂದು. ಹೆಸರು ಎಂದಿದ್ದರೆ ಅವನು ಮುಂದೆ ಹೋಗುತ್ತಿದ್ದ.

"ಜಾಹಿರಾತ್," ಎಂದೆ.

ಯಾಕೆ? ಆ ಹೊತ್ತಿಗೆ ನನಗೆ ಏನಾದರೊಂದು ಬೀಳಬೇಕಿತ್ತು. ಕೈಲಾಗದವ ಮೈ ಪರಚಿಕೊಂಡ ಅನ್ನುತ್ತಾರೆ. ನಾನು ನನ್ನ ಮೈಯನ್ನಾದರೂ ಪರಚಿಕೊಂಡೆನೇ? ನಿಮ್ಮದನ್ನು ಪರಚಿದೆ. ಇನ್ನೂ ಒಂದಿದೆ — ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಸಮಿತಿಯವರ ಜೊತೆ ವಾಕಿಂಗ್ ಹೋಗುವಾಗ ಆ ಬೋರ್ಡು ನನಗೆ ಮುಜುಗರ ಮಾಡುತ್ತಿತ್ತು. ಒಬ್ಬಾಕೆ ಅದನ್ನು ತೋರಿಸಿ, "ನಿಮ್ಮವರದ್ದೇ ಅಲ್ವಾ?" ಎಂದು ನಕ್ಕಿದ್ದಳು. ನಮ್ಮವರಲ್ಲ, ಅವರು ಘಟ್ಟದ ಮೇಲಿನವರು ಎಂದಿದ್ದೆ ನಾನು. ಕನ್ನಡ ಕನ್ನಡ ಎಂದು ಆಯುಸ್ಸಿಡೀ ಮಕ್ಕಳ ಕಿವಿ ಹಿಂಡಿದವಳ ಯೋಗ್ಯತೆ ಇಷ್ಟು!

ಮರುದಿನ ನಿನ್ನ ಅವ್ವ ನಮ್ಮ ಮನೆಗೆ ಬಂದಳು. ಬಟ್ಟೆಯಲ್ಲಿ ರೊಟ್ಟಿ ಸುತ್ತಿಕೊಂಡು, ನಿನ್ನ ಕೈ ಹಿಡಿದುಕೊಂಡು.

"ಅಕ್ಕೋರ, ನಮ್ ಬೋರ್ಡ್ ಕಿತ್ಕೊಂಡ್ ಹೋಗ್ಯಾರ್ರಿ. ನಿಮ್ ಮಾತು ಕೇಳ್ತಾರ ಅವ್ರು. ಅದು ಖಾನಾವಳಿ ಹೆಸರೈತಿ ಅಂತ ಒಂದ್ ಮಾತು ಹೇಳ್ರಿ, ಸಾಕು."

ಅದೇ ಒಂದು ಮಾತು! ಆಗಲಾದರೂ ಹೇಳಬಹುದಿತ್ತು. ಲಾರಿ ಇನ್ನೂ ವಾರ್ಡ್ ಆಫೀಸಿನ ಅಂಗಳದಲ್ಲೇ ನಿಂತಿತ್ತು. ನಾನೇನು ಮಾಡಿದೆ? "ಆಯ್ತು ನೀಲವ್ವ, ನೋಡುವ," ಎಂದೆ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. "ಅಕ್ಷರ ಸರಿ ಇರ್ಲಿಲ್ಲ ಅಂತ ಕಾಣ್ತದೆ. ಅವರಿಗೆ ಗೊತ್ತಾಗ್ಲಿಲ್ಲ," ಎಂದೂ ಸೇರಿಸಿದೆ. ನೀನು ನೆಲ ನೋಡುತ್ತಾ ನಿಂತಿದ್ದೆ. ನಿನ್ನ ಅವ್ವ "ಇರ್ಲಿ ಬಿಡ್ರಿ, ಅವ್ರರೆ ಏನ್ ಮಾಡ್ಯಾರ," ಎಂದು ನನ್ನನ್ನೇ ಸಮಾಧಾನ ಮಾಡಿ ಹೋದಳು. ಆ ರೊಟ್ಟಿಯನ್ನು ನಾನು ತಿಂದೆ. ರುಚಿಯಾಗಿಯೇ ಇತ್ತು.

ವಾರ್ಡ್ ಆಫೀಸಿಗೆ ನಾನು ಹೋಗಲಿಲ್ಲ. ಹೋದರೆ ಸಾಹೇಬ ಎಲ್ಲರೆದುರು, "ನೀವೇ ಹೇಳಿದ್ದಲ್ಲವೇ?" ಅನ್ನುತ್ತಾನೆಂಬ ಹೆದರಿಕೆ. ಊರಿನಿಂದ ಹೊಸದಾಗಿ ಬಂದ ಕೂಲಿಯವರಿಗೆ ಗಲ್ಲಿಯೊಳಗೊಂದು ಖಾನಾವಳಿ ಇದೆಯೆಂದು ಗೊತ್ತೇ ಆಗಲಿಲ್ಲ. ಸ್ಟೇಷನ್ನಿನ ಹತ್ತಿರ ವಡಾಪಾವ್ ತಿಂದು ಕೆಲಸಕ್ಕೆ ಹೋದರು. ಮಳೆಗಾಲ ಬರುವ ಮೊದಲೇ ನೀವು ಒಲೆ ಆರಿಸಿದಿರಿ. ನಿನ್ನ ಅವ್ವ ಕಲ್ಯಾಣದಲ್ಲಿ ಇನ್ನೊಬ್ಬರ ಖಾನಾವಳಿಗೆ ರೊಟ್ಟಿ ಬಡಿಯಲು ಹೋದಳು. ಅಲ್ಲಿ ಅವಳು ಆಳು. ಇಲ್ಲಿ ಅವಳ ಹೆಸರು ಬೀದಿಯಲ್ಲಿತ್ತು.

ಮತ್ತೆ ಆ ಹೋರ್ಡಿಂಗ್? ಇವತ್ತಿಗೂ ನಿಂತಿದೆ, ರಾತ್ರಿ ದೀಪವೂ ಉರಿಯುತ್ತದೆ. ನಮ್ಮ ಸಮಿತಿ ಮಾತ್ರ "ದಂಡೆಯನ್ನು ಸ್ವಚ್ಛಗೊಳಿಸಿದೆವು" ಎಂದು ಈಗಲೂ ಹೇಳಿಕೊಳ್ಳುತ್ತದೆ, ಥೂ!

ಕಳೆದ ವರ್ಷ ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ನೀನು ಸಿಕ್ಕಿದೆ. ನವಿ ಮುಂಬಯಿಯ ಆಫೀಸಿಗೆ ಹೊರಟಿದ್ದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ನೀನು ಹಿಂದಿಯಲ್ಲೇ ಉತ್ತರ ಕೊಟ್ಟೆ. "ಟೀಚರ್, ಕನ್ನಡ ಲಿಖನಾ ತೋ ಕಬ್ ಕಾ ಛೋಡ್ ದಿಯಾ," ಎಂದು ನಕ್ಕೆ. ಬರೆಯುವುದನ್ನು ಯಾವತ್ತೋ ಬಿಟ್ಟೆಯಂತೆ. ಮನೆಗೆ ಬಂದು, ಈ ಕಾಲದ ಮಕ್ಕಳಿಗೆ ಭಾಷೆಯ ಅಭಿಮಾನವೇ ಇಲ್ಲ ಎಂದು ಸಿಕ್ಕವರೆದುರೆಲ್ಲ ಒದರಿದೆ.

ಆದರೆ ನಿನ್ನ ಆ ನಗು ಮರೆಯಲಾಗಲಿಲ್ಲ; ಹೋದ ಭಾನುವಾರ ಕಲ್ಯಾಣಕ್ಕೆ ಹೋಗಿ ನಿನ್ನ ಅವ್ವನಿಗೆ ಎಲ್ಲವನ್ನೂ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. ನನ್ನ ಮುಖ ನೋಡಲಿಲ್ಲ.

"ನನಗ ಹೇಳಿ ಈಗೇನ್ ಮಾಡ್ತೀರ್ರಿ? ರೇಣುಕಾಗ ಹೇಳ್ರಿ. ತನ್ನ ಅಕ್ಷರ ಸೊಟ್ಟ ಇದ್ದುವು, ಅದಕ್ಕ ಅವ್ವನ ಖಾನಾವಳಿ ಹೋತು ಅಂತ ತಿಳ್ಕೊಂಡಾಳ ಆಕಿ. ಅವತ್ತಿಂದ ಕನ್ನಡದಾಗ ಒಂದಕ್ಷರ ಬರ್ದಿಲ್ಲ."

ಕುಳಿತುಕೊಳ್ಳಿ ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಬರುವ ವಾರ ಸಮಿತಿಯ ಸಭೆಯಿದೆ. ಅಲ್ಲಿ ಮರಾಠಿಯಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ನಿನಗೆ ಹೇಳಬೇಕಾದದ್ದಿದು. ನಿನ್ನ ಅಕ್ಷರ ಸೊಟ್ಟ ಇರಲಿಲ್ಲ, ರೇಣುಕಾ. ರಸ್ತೆಯ ಆಚೆ ನಿಂತವರಿಗೂ ಸಲೀಸಾಗಿ ಓದಲು ಬರುತ್ತಿತ್ತು. ನಾನು ಓದಿದ್ದೆ.