ಕಳ್ಳ ಕರೆಂಟು

ಮುಂಜಾನಿ ಕಾರಿನ ಬಾನೆಟ್ ಎತ್ತಿದ್ನಿ, ಬ್ಯಾಟರಿ ಆಸಿಡ್ ವಾಸನಿ ಮೂಗಿಗೆ ಹೊಡೀತು. ಈ ತಿಂಗಳಾಗ ಇದು ಮೂರನೇ ಸಲ, ಸಂಜಿಗೆ ನಿಲ್ಲಿಸಿದ ಗಾಡಿ ಮುಂಜಾನಿ ಹೆಣ. ಕೊಪ್ಪಳದ ಮೆಕ್ಯಾನಿಕ್ ಬ್ಯಾಟರಿ ಬದಲಿ ಮಾಡಿದ, ಡೈನಮೋ ಬದಲಿ ಮಾಡಿದ, ಲ್ಯಾಪ್‌ಟಾಪ್ ಚುಚ್ಚಿ ನೋಡಿ "ಎಲ್ಲಾ ಛಲೋ ಐತ್ರಿ ಅಜ್ಜಾರ" ಅಂದ. ಎಲ್ಲಾ ಛಲೋ ಇದ್ರ ಇದ್ಯಾಕ ಸಾಯ್ತೈತಿ? ತಲಿ ಕೆಟ್ಟು ಹೋತು. ಆ ವಾಸನಿಗೆ ಗಂಗಾವತಿ ಉಸ್ತಾದ್ ನೆನಪಾದ್ರು...

ಕಾರಿನ ವೈರಿಂಗ್ ಅಂದ್ರ ಉಸ್ತಾದ್, ಅಷ್ಟ. ಬ್ಯಾಟರಿ ಸುಮ್‌ಸುಮ್ನ ಇಳೀತಂದ್ರ "ಗಾಡ್ಯಾಗ ಕಳ್ಳ ಅದಾನ್ರಿ" ಅಂತಿದ್ರು. ಬ್ಯಾಟರಿಯ ಒಂದು ವೈರ್ ಬಿಚ್ಚಿ ನಡುವ ಸಣ್ಣ ಬಲ್ಬ್ ಹಿಡಿಯೋರು. ಗಾಡಿ ಬಂದ್ ಇದ್ರೂ ಬಲ್ಬ್ ಉರದ್ರ ಕಳ್ಳ ಒಳಗ ಅದಾನಂತ. ಒಂದೊಂದ ಫ್ಯೂಸ್ ಕೀಳ್ತಾ ಹೋಗೋರು. ಯಾವುದು ಕಿತ್ತಾಗ ಬಲ್ಬ್ ಆರ್ತೈತೋ, ಕಳ್ಳ ಅಲ್ಲೇ.

ನಾನೇನ್ ಕಮ್ಮಿ? ಕುಷ್ಟಗಿಯಿಂದ ಗಂಗಾವತಿ ತನಕ ನನ್ನ ಕೈಯಾಗ ಮಂಗ್ಯಾ ಆಗದ ಮನಷ್ಯಾ ಇದ್ದಿಲ್ಲ, ಉಸ್ತಾದ್ ಒಬ್ರನ್ನ ಬಿಟ್ಟು. ಅವ್ರನ್ನೂ ಮಂಗ್ಯಾ ಮಾಡೂಣಂತ ಒಂದಿನ ನನ್ನ ಗಾಡಿ ಚಾಲೂ ಮಾಡೋ ಸೆಲ್ಫ್ ಮೋಟರಿನ ದಪ್ಪ ವೈರಿಗೆ, ಫ್ಯೂಸಿನ ದಾರಿ ತಪ್ಪಿಸಿ, ಸಣ್ಣ ವೈರ್ ಕಟ್ಟಿದ್ನಿ. ತುದಿಗೆ ಒಂದು ಬಲ್ಬ್. ಅದನ್ನ ತಗಡಿನ ಡಬ್ಬ್ಯಾಗ ಮುಚ್ಚಿ ಸೀಟಿನ ಬುಡಕ ಇಟ್ಟು, ಗಾಡಿ ಅವ್ರ ಅಂಗಡಿಗೆ ಒಯ್ದು, "ಉಸ್ತಾದ್, ಕಳ್ಳನ್ನ ಹಿಡೀರಿ ನೋಡೂಣು" ಅಂದ್ನಿ.

ಎಲ್ಲಾ ಫ್ಯೂಸ್ ಕಿತ್ರು. ಅವ್ರ ಕೈಯಾಗಿನ ಬಲ್ಬ್ ಆರಲಿಲ್ಲ. ಚಸ್ಮಾ ಒರಸಿ ಮತ್ತ ಮೊದಲಿಂದ ಕಿತ್ರು. ನಾನು ಒಳಗೊಳಗ ನಗಾಕತ್ತಿದ್ನಿ. ಚಾ ಬರಲಿ, ಆಮ್ಯಾಲ ಹೇಳೂಣು ಅಂತ. ಚಾ ಬಂತು, ಅವ್ರು ಮುಟ್ಟಲಿಲ್ಲ. ಕುಂತಿದ್ದ ನಾಕು ಗಿರಾಕಿ ಒಬ್ರ ಮಾರಿ ಒಬ್ರು ನೋಡಿದ್ರು. ಉಸ್ತಾದ್ ಕೈ ಒರಸ್ಕೊಂಡು ಮೆಲ್ಲಕ ಅಂದ್ರು, "ಕಳ್ಳ ಕಣ್ಣ ಮುಂದ ಅದಾನ, ನನಗ ಕಾಣವಲ್ಲ ಗೌಡ್ರ. ವಯಸ್ಸಾತು. ಇನ್ನ ಮಂದಿ ಗಾಡಿ ಮುಟ್ಟೂದು ಬ್ಯಾಡ."

ಆಗ ಹೇಳಬೇಕಿತ್ತು. ನಾಕು ಮಂದಿ ಮುಂದ ನಾಲಿಗಿ ಏಳಲಿಲ್ಲ...

ವಾರದಾಗ ಅಂಗಡಿ ಬಂದ್ ಮಾಡಿ ಶ್ರೀರಾಮನಗರಕ್ಕ ಮಗಳ ಮನಿಗೆ ಹೋದ್ರು. ಹೇಳಾಕಂತನ ಒಮ್ಮಿ ಹೋಗಿದ್ನಿ. ಉಂಡು, ನಾಕು ಜೋಕ್ ಹೊಡದು, ಹಂಗ ಎದ್ದು ಬಂದ್ನಿ. ಹೋದ ವರ್ಷ ತೀರ್ಕೊಂಡ್ರು.

ಇವತ್ತು ಮತ್ತ ಬಂದ ಮೆಕ್ಯಾನಿಕ್ ಮುಂದ ಸಿಟ್ಟಿನ್ಯಾಗ ಇದನ್ನೆಲ್ಲಾ ಒದರಿಬಿಟ್ನಿ. ಇಷ್ಟು ವರ್ಷದಾಗ ಯಾರ ಮುಂದನೂ ಬಾಯಿ ಬಿಟ್ಟಿದ್ದಿಲ್ಲ. ಅವ ಹೊಟ್ಟಿ ಹಿಡ್ಕೊಂಡು ನಕ್ಕ.

"ಏನ್ ತಲಿರೀ ಅಜ್ಜಾರ ನಿಮ್ದು!"

ಉಸ್ತಾದೂ ಹಿಂಗ ನಗ್ತಿದ್ರೇನೋ... ನಾನು ಅವತ್ತ ಹೇಳಿದ್ದರ.