ಮಾರ್ಕರ್ ಮನೆಗೆ ಬಂದ ಪೂಲ್ ಟೇಬಲ್

ಹೈದರಾಬಾದಿನ ಅಂಗಡಿಗೆ ಕಾಲಿಟ್ಟ ಕೂಡಲೇ ನಮ್ಮಪ್ಪ ಮಾಡಿದ ಮೊದಲ ಕೆಲಸವೆಂದರೆ ಒಂದು ಪೂಲ್ ಟೇಬಲ್ಲಿನ ಕೆಳಗೆ ತೂರಿ ಅಂಗಾತ ಮಲಗಿದ್ದು. ಎಂಬತ್ತರ ಹತ್ತಿರದ ಮುದುಕ, ಬಿಳಿ ಧೋತರ, ತಲೆಗೆ ಟೋಪಿ. ತಲೆ ಸುತ್ತಿ ಬಿದ್ದನೆಂದುಕೊಂಡು ಅಂಗಡಿಯವನು ನೀರು ತರಲು ಓಡಿದ. ಅಷ್ಟರಲ್ಲಿ ಕೆಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು. ಅಪ್ಪ ಬೆರಳ ಗೆಣ್ಣಿನಿಂದ ಟೇಬಲ್ಲಿನ ಹಾಸನ್ನು ಬಡಿದು ನೋಡುತ್ತಿದ್ದ.

"ಕಟ್ಟಿಗಿ ಅದವ್ವಾ. ಇದು ಬ್ಯಾಡ," ಎಂದು ಅಲ್ಲಿಂದಲೇ ಕೂಗಿ ಹೇಳಿದ.

ನನ್ನಪ್ಪ ಯಾದಗಿರಿಯ ಒಂದು ಹಳೆಯ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಮಾರ್ಕರ್ ಆಗಿದ್ದವನು. ಬಿಲಿಯರ್ಡ್ಸ್ ಟೇಬಲ್ಲಿನ ಹಸಿರು ಬಟ್ಟೆಗೆ ದಿನಾ ಬ್ರಷ್ ಹಾಕುವುದು, ಇಸ್ತ್ರಿ ತೀಡುವುದು, ಸಾಹೇಬರ ಕೈಗೆ ಕೋಲು ಕೊಡುವುದು, ಅವರು ಗಳಿಸಿದ ಅಂಕ ಕೂಗುವುದು, ಇವು ಮಾರ್ಕರನ ಕೆಲಸ. ಆಡುವುದು ಮಾತ್ರ ಅಲ್ಲ. ಆಡುವವರು ಮೆಂಬರುಗಳು: ಆಫೀಸರರು, ವಕೀಲರು, ಹತ್ತಿ ಮಿಲ್ಲಿನ ಮಾಲಕರು. ಸುರಪುರದಿಂದ ಜೀಪಿನಲ್ಲಿ ಬರುವ ಇಬ್ಬರು ಮೂವರಿದ್ದರು. ಒಬ್ಬರ ಆಟ ಮುಗಿದ ಕೂಡಲೇ ಅಪ್ಪ ಇನ್ನೊಬ್ಬರ ಕಡೆ ತುಸು ಬಾಗಿ, "ಸಾಹೇಬ್ರ, ನಿಮ್ಮ ಪಾಳಿರಿ" ಎನ್ನುತ್ತಿದ್ದ. ಆ ಮಾತನ್ನು ಅವನು ಎಷ್ಟು ಸಾವಿರ ಸಲ ಆಡಿದ್ದಾನೋ ದೇವರೇ ಬಲ್ಲ.

ಭಾನುವಾರ ಬುತ್ತಿ ಒಯ್ಯುವುದು ನನ್ನ ಪಾಲಿನ ಕೆಲಸವಾಗಿತ್ತು. ಒಂದು ಮಧ್ಯಾಹ್ನ ಕ್ಲಬ್ಬಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬಿಳಿ ಚೆಂಡು ನಡುಟೇಬಲ್ಲಿನಲ್ಲಿ ಸುಮ್ಮನೆ ಕೂತಿತ್ತು. "ಯಪ್ಪಾ, ಒಂದ ಒಂದ್ ಸರ್ತಿ ಹೊಡಿ, ಯಾರೂ ಇಲ್ಲ" ಎಂದೆ. ಅಪ್ಪ ರೊಟ್ಟಿ ಮುರಿಯುತ್ತ ಹೇಳಿದ: "ಯಾರೂ ಇಲ್ದಾಗ ಹೊಡದ್ರ ಕಳವು ಆಗತದವ್ವಾ. ಎಲ್ಲಾರೂ ಇದ್ದಾಗ ಹೊಡಿ ಅನ್ನಾವ್ರು ಇಲ್ಲ."

ನನಗೆ ಆವತ್ತು ಮೈಯೆಲ್ಲ ಉರಿದಿತ್ತು. ಈಗಲೂ ಉರಿಯುತ್ತದೆ. ಮುಂದೆ ನಾನು ಶಹಾಪುರದಲ್ಲಿ ಟೀಚರ್ ಆದೆ, ಮನೆ ಕಟ್ಟಿಸಿದೆ, ಅಪ್ಪನನ್ನು ನಮ್ಮಲ್ಲಿಗೆ ಕರೆತಂದೆ. ಅವನ ಒಂದು ಕಣ್ಣಿನ ಪೊರೆ ತೆಗೆಸಿದ್ದಾಯಿತು. ಕೈ ಸಣ್ಣಗೆ ನಡುಗಲು ಶುರುವಾಗಿತ್ತು. ನಡುಕ ಹೆಚ್ಚಾಗುವ ಮೊದಲು ಅಪ್ಪ ತನ್ನದೇ ಟೇಬಲ್ಲಿನ ಮೇಲೆ, ಎಲ್ಲರೆದುರಿಗೆ, ಒಂದು ಚೆಂಡು ಹೊಡೆಯಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ನಮ್ಮ ಮನೆಯವರು ಮಾತ್ರ, "ಒಂದು ಕ್ಯಾರಂ ತಂದ್ರ ಆಗತಿತ್ತಲ್ಲ" ಎಂದು ಗೊಣಗಿದರು.

ಕ್ಲಬ್ಬಿನ ಟೇಬಲ್ಲಿಗೆ ಎಂಟು ಕಾಲು, ಅದು ನಮ್ಮ ಮನೆಯಲ್ಲಿ ಹಿಡಿಯುವ ಮಾತಲ್ಲ. ಅದಕ್ಕೇ ಪೂಲ್ ಟೇಬಲ್. ಅಂಗಡಿಯಲ್ಲಿ ಅದನ್ನು ಕಂಡು ಅಪ್ಪ, "ಇದು ನಮ್ಮ ಟೇಬಲ್ಲಿನ ಮರಿ" ಎಂದು ನಕ್ಕ. ಆಮೇಲೆ ಒಂದು ತಾಸು ಅವನದೇ ಕಾರುಬಾರು. ಹಾಸು ಬಡಿದಾಗ ಮಂದವಾದ ಸದ್ದು ಬಂದರೆ ಒಳಗೆ ಕಲ್ಲು, ಪೊಳ್ಳು ಸದ್ದಾದರೆ ಹಲಗೆ. ಹಲಗೆ ನಾಲ್ಕು ಮಳೆಗಾಲಕ್ಕೆ ಸೊಟ್ಟಗಾಗುತ್ತದೆ. ಅಂಚಿನ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿದ, ಚೆಂಡು ಉರುಳಿಸಿ ಅದು ಪುಟಿದು ಬರುವ ಸದ್ದಿಗೆ ಕಿವಿ ಕೊಟ್ಟ, ಕೈಯ ಹಿಂಭಾಗದಿಂದ ಬಟ್ಟೆ ಸವರಿದ. ನನಗೆ ಹುಲಿಯುಗುರಿನ ಕೆತ್ತನೆಯ ಕಾಲುಗಳಿದ್ದ ಟೇಬಲ್ಲು ಬಹಳ ಹಿಡಿಸಿತ್ತು. ಅದರೊಳಗೆ ಹಲಗೆ. ಆದರೂ ಹಟ ಮಾಡಿದೆ.

"ಆಡಾವ್ರು ಕಾಲು ನೋಡ್ತಾರೇನು? ಟೇಬಲ್ಲಿನ ಕಾಲು ನೋಡಾಂವ ನಾ ಒಬ್ಬನ, ದಿನಾ ಒರಸಾಂವ," ಎಂದ ಅಪ್ಪ. ಕೊನೆಗೆ ಅವನು ಆರಿಸಿದ್ದು ಮೂಲೆಯಲ್ಲಿದ್ದ, ಯಾವ ಶೋಕಿಯೂ ಇಲ್ಲದ, ಕಲ್ಲಿನ ಹಾಸಿನ ಟೇಬಲ್ಲು. ಮೂರು ತುಂಡು ಕಲ್ಲು, ಸಂದಿಗೆ ಮೇಣ.

ಟೇಬಲ್ಲಿನ ಸುತ್ತ ಕೋಲು ಆಡಿಸಲು ಜಾಗ ಬೇಕೆಂದು ಅಪ್ಪ ಮೊದಲೇ ಕಸಬರಿಗೆಯ ಕೋಲು ಹಿಡಿದು ಪಡಸಾಲೆ ಅಳೆದಿದ್ದ. ದಿವಾನ ಮಾಳಿಗೆ ಸೇರಿತ್ತು, ಟಿವಿ ಮಲಗುವ ಕೋಣೆಗೆ ಹೋಗಿತ್ತು. ಎಲ್ಲ ಅಳೆದೆವು, ನೆಲದ ಇಳಿಜಾರು ಒಂದನ್ನು ಬಿಟ್ಟು. ನಮ್ಮ ಕಡೆ ಫರಸಿ ಕಲ್ಲು ಹಾಸುವಾಗ ಬಾಗಿಲಿನ ಕಡೆಗೆ ತುಸು ಇಳಿಜಾರು ಬಿಡುತ್ತಾರೆ, ಮನೆ ತೊಳೆದ ನೀರು ತಾನೇ ಹೊರಗೆ ಹೋಗಲಿ ಎಂದು. ಟೇಬಲ್ ಜೋಡಿಸಲು ಬಂದ ಫಿಟ್ಟರ್ ಅದನ್ನು ನೋಡಿ ತಲೆ ಕೆರೆದುಕೊಂಡ. ರೈಲಿಗೆ ಹೊತ್ತಾಗಿತ್ತು. ಬಾಗಿಲ ಕಡೆಯ ಎರಡು ಕಾಲಿನ ಕೆಳಗೆ ಪ್ಯಾಕಿಂಗ್ ರಟ್ಟು ಮಡಚಿ ಇಟ್ಟು ಮಟ್ಟ ಮಾಡಿ ಹೊರಟುಹೋದ. ಹೊಸ ವಸ್ತುವಿಗೆ ಕುಂಕುಮ ಹಚ್ಚಲು ಹೋದೆ. ಅಪ್ಪ ಹೌಹಾರಿ, "ಬಟ್ಟಿಗಿ ಬ್ಯಾಡ ಯವ್ವಾ, ಕಾಲಿಗಿ ಹಚ್ಚು" ಎಂದ. ಕಾಲಿಗೇ ಹಚ್ಚಿದೆ.

ಮಾರನೆಯ ದಿನ ಅಮಾವಾಸ್ಯೆ. ನಾಲ್ಕು ಜನ ಬಂದು ಹೋಗುವ ಮನೆ, ಅಪ್ಪ ಮೊದಲ ಸಲ ಆಡುವ ದಿನ. ನಾನು ಬೆಳಿಗ್ಗೆ ಎದ್ದವಳೇ ಪ್ರತಿ ಅಮಾವಾಸ್ಯೆಗೂ ತೊಳೆಯುವಂತೆ ಐದು ಕೊಡ ನೀರು ಸುರುವಿ, ಪಡಸಾಲೆಯನ್ನು ಕಸಬರಿಗೆಯಿಂದ ಗಸಗಸ ತಿಕ್ಕಿ ತೊಳೆದೆ. ಟೇಬಲ್ಲಿನ ಕೆಳಗೂ ಬಿಡಲಿಲ್ಲ. ಮಧ್ಯಾಹ್ನ ಅಪ್ಪ ಒಂದು ಚೆಂಡನ್ನು ನಡುವೆ ಇಟ್ಟ. ಅದು ಯಾರೂ ಕರೆಯದೆ ಮೆಲ್ಲಗೆ ಬಾಗಿಲ ಕಡೆ ಹೊರಟಿತು. ಬಗ್ಗಿ ನೋಡಿದರೆ ರಟ್ಟು ನೆನೆದು ಅಂಬಲಿಯಾಗಿತ್ತು.

ನನಗೆ ಅಳುವೇ ಬಂತು. ನಲವತ್ತು ವರ್ಷ ಕಾದದ್ದನ್ನು ನಾನೇ ಐದು ಕೊಡ ನೀರಿನಲ್ಲಿ ತೊಳೆದೆನಲ್ಲ ಎಂದು ಕಸಬರಿಗೆ ಬಿಸಾಡಿದೆ. ಫಿಟ್ಟರಿಗೆ ಫೋನ್ ಮಾಡಿದರೆ ಬರಲು ಹದಿನೈದು ದಿನವಾಗುತ್ತದೆ ಎಂದ. ಅಪ್ಪ ಮಾತ್ರ ಹಿತ್ತಲಿಗೆ ಹೋದ. ಮನೆ ಕಟ್ಟುವಾಗ ಉಳಿದ ಫರಸಿ ತುಂಡುಗಳು ಅಲ್ಲಿ ಬಿದ್ದಿದ್ದವು. ಒಂದನ್ನು ಉಳಿಯಿಂದ ಅಂಚಿಗೆ ಮೆಲ್ಲಗೆ ಬಡಿದ. ನಮ್ಮ ಕಲ್ಲು ಪದರು ಪದರಾಗಿ ಬಿಡುತ್ತದೆ, ಹಪ್ಪಳದಷ್ಟು ತೆಳ್ಳಗೂ ಬಿಡುತ್ತದೆ. ನಮ್ಮ ಮನೆಯವರು ಪಕ್ಕದ ಗ್ಯಾರೇಜಿನಿಂದ ಜಾಕು ತಂದು ಒಂದೊಂದೇ ಕಾಲು ಎತ್ತಿದರು. ಅಪ್ಪ ನೆಲಕ್ಕೆ ಮಲಗಿ ಚಕ್ಕೆ ಸೇರಿಸುತ್ತ, ಎದ್ದು ಚೆಂಡು ಉರುಳಿಸುತ್ತ, ಮತ್ತೆ ಮಲಗುತ್ತ ಮೂರು ತಾಸು ತೆಗೆದುಕೊಂಡ. "ಮಾಮಾ, ಸಾಕ್ರಿ, ಸರಿ ಆಗ್ಯಾದ" ಎಂದು ಅಳಿಯ ಅಂದರೆ, "ಇನ್ನೂ ಕೂದಲೆಳಿ ಬಾಕಿ ಅದ" ಎನ್ನುವುದು. ಕಡೆಗೆ ಚೆಂಡು ಇಟ್ಟಲ್ಲೇ ನಿಂತಿತು. ಅಪ್ಪನ ಮುಖ ನೋಡಬೇಕಿತ್ತು.

ಅಷ್ಟೊತ್ತಿಗೆ ನನ್ನ ಜೊತೆಯ ಟೀಚರುಗಳು ಬಂದು ಸೇರಿದ್ದರು. ಅಪ್ಪ ಬಟ್ಟೆಗೆ ಒಂದೇ ದಿಕ್ಕಿಗೆ ಬ್ರಷ್ ಎಳೆದ. ಬಿಳಿ ಚೆಂಡನ್ನೂ ಒಂದು ಕೆಂಪು ಚೆಂಡನ್ನೂ ಅಳತೆ ನೋಡಿ ಇಟ್ಟ. ಸುರಪುರದ ಬಡಗಿ ಮಾಡಿಕೊಟ್ಟ ಸ್ಟ್ಯಾಂಡಿನಿಂದ ಕೋಲು ತೆಗೆದು, ತುದಿಗೆ ಚಾಕ್ ತಿಕ್ಕಿ, ಎರಡೂ ಕೈಯಲ್ಲಿ ಹಿಡಿದು ಅಳಿಯನ ಮುಂದೆ ಚಾಚಿದ. ಆಮೇಲೆ ಗೋಡೆಗೆ ಹೋಗಿ ಬೆನ್ನು ಹಚ್ಚಿ, ಕೈ ಕಟ್ಟಿ ನಿಂತ. ಕ್ಲಬ್ಬಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ.

"ನೀ ಹೊಡಿ ಯಪ್ಪಾ."

"ನಾ ಅಂಕಿ ಕೂಗತೀನಿ, ನೀವು ಆಡ್ರಿ."

ಕೇಳಿದೆ, ರೇಗಿದೆ, ಬೇಡಿಕೊಂಡೆ. ಗೋಡೆ ಬಿಟ್ಟು ಬರಲಿಲ್ಲ. ಟೇಬಲ್ ತರುವುದು ಸುಲಭ, ಆ ಗೋಡೆಯಿಂದ ಅವನನ್ನು ಬಿಡಿಸುವುದು ನನ್ನ ಕೈಯಲ್ಲಿಲ್ಲ ಎನ್ನಿಸಿತು. ಆಗ ಏನು ಹೊಳೆಯಿತೋ, ಗಂಡನ ಕೈಯಿಂದ ಕೋಲು ಕಸಿದುಕೊಂಡೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಪ್ಪನೆದುರು ತುಸು ಬಾಗಿ, ಎರಡೂ ಕೈಯಲ್ಲಿ ಕೋಲು ಚಾಚಿದೆ.

"ಸಾಹೇಬ್ರ, ನಿಮ್ಮ ಪಾಳಿರಿ."

ಅಪ್ಪ ಗಡಬಡಿಸಿ ಬಾಗಿಲ ಕಡೆ ತಿರುಗಿ ನೋಡಿದ, ಯಾವ ಸಾಹೇಬರು ಬಂದರೋ ಎಂದು. ಅಲ್ಲಿ ಯಾರೂ ಇರಲಿಲ್ಲ. ನಾನು ಬಾಗಿಯೇ ನಿಂತಿದ್ದೆ.

ಬಹಳ ಹೊತ್ತಿನ ಮೇಲೆ ಕೋಲು ನನ್ನ ಕೈ ಬಿಟ್ಟಿತು. ಅಪ್ಪ ಟೋಪಿ ತೆಗೆದು ಕಿಟಕಿಯಲ್ಲಿಟ್ಟು ಬಗ್ಗಿದ. ಎಡಗೈ ಬಟ್ಟೆಯ ಮೇಲೆ ಊರಿ ಹೊಡೆದ. ಬಿಳಿ ಚೆಂಡು ನೆಟ್ಟಗೆ ಓಡಿತು, ಕೆಂಪು ಚೆಂಡಿಗೆ ಬಡಿಯಿತು, ಕೆಂಪು ಚೆಂಡು ತೂತಿನ ಬಾಯಿತನಕ ಹೋಗಿ ನಿಂತುಬಿಟ್ಟಿತು. ಎಲ್ಲರೂ ಅಯ್ಯೋ ಎಂದರು. ನಾನು ಮಾರ್ಕರ್ ಅಲ್ಲವೇ, "ಸೊನ್ನೆ" ಎಂದು ಕೂಗಿದೆ.

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ.

"ಸಾಹೇಬ್ರು ತಪ್ಪಿದ್ರ ಮಾರ್ಕರ್ ಕೂಗಬಾರದವ್ವಾ," ಎಂದು ಗದರಿಸಿ, ಚಾಕ್ ಕೊಡೆಂದು ನನ್ನ ಕಡೆ ಕೈ ಚಾಚಿದ.