ಬಿಳಿ ಕೈಯ ಡಾಕ್ಟರು

ಮಸ್ಕತ್ತಿನ ರೂವಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿದ್ದ ಹಲ್ಲಿನ ಕ್ಲಿನಿಕ್ಕಿನಲ್ಲಿ ನಾನು ಆರು ವರ್ಷ ದುಡಿದೆ. ಡಾಕ್ಟರು ಉಡುಪಿಯವರು, ನಾನು ಮಂಗಳೂರಿನವಳು. ಹಲ್ಲು ಕೀಳುವುದೊಂದನ್ನು ಅವರು ಮಾಡುತ್ತಿದ್ದರು, ಉಳಿದದ್ದೆಲ್ಲ ನನ್ನ ತಲೆಗೆ. ಹೆಸರು ಬರೆದುಕೊಳ್ಳುವುದು, ಫೋನೆತ್ತುವುದು, ಇಕ್ಕಳ ಕನ್ನಡಿಗಳನ್ನು ತೊಳೆದು ಕುದಿಸುವುದು, ಅಳುವ ಗಂಡಸರಿಗೆ ಧೈರ್ಯ ಹೇಳುವುದು. ಹೆಂಗಸರು ಅಳುತ್ತಿರಲಿಲ್ಲ. ಹೆತ್ತವರಿಗೆ ಒಂದು ಹಲ್ಲು ಯಾವ ಲೆಕ್ಕ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಏಡ್ಸ್ ಎಂಬ ಹೆಸರು ನಮ್ಮವರ ಮನೆಮನೆಗೂ ಬಂದಾಗಿತ್ತು. ಅದು ಹೇಗೆ ಹರಡುತ್ತದೆಂದು ತಿಳಿದವರು ಕಡಿಮೆ, ತಿಳಿಯದೆ ಉಪದೇಶ ಮಾಡುವವರು ಜಾಸ್ತಿ. ಕ್ಷೌರದಂಗಡಿಗೆ ಸ್ವಂತ ಬ್ಲೇಡು ಒಯ್ಯುವವರಿದ್ದರು. ಊರಿಂದ ಬರುವಾಗ ಉಪ್ಪಿನಕಾಯಿಯ ಜೊತೆಗೆ ಸಿರಿಂಜಿನ ಪೊಟ್ಟಣ ತರುವವರೂ ಇದ್ದರು. ವೀಸಾಕ್ಕೆಂದು ರಕ್ತ ಕೊಟ್ಟು ಬಂದವರು ಫಲಿತಾಂಶ ಬರುವವರೆಗೆ ಸರಿಯಾಗಿ ಉಣ್ಣುತ್ತಿರಲಿಲ್ಲ. ಅದರಲ್ಲಿ ಏನಾದರೂ ಬಂದರೆ ಖಲಾಸ್, ಸೀದಾ ಊರಿಗೆ. ಊರಿನಲ್ಲಿ ಯಾರು ಸೇರಿಸಿಕೊಳ್ಳುತ್ತಾರೆ?

ಆಗ ನಮ್ಮ ಡಾಕ್ಟರು ಯಾವುದೋ ಮೀಟಿಂಗಿಗೆ ಹೋಗಿ ಬಂದರು. ಮರುದಿನದಿಂದ ಮೂಗಿಗೆ ಮಾಸ್ಕು, ಕೈಗೆ ರಬ್ಬರಿನ ಗ್ಲೌಸು. ಅಲ್ಲಿಯವರೆಗೆ ಸೋಪಿನಲ್ಲಿ ಕೈ ತೊಳೆದು ಬರಿಗೈಯನ್ನೇ ಬಾಯೊಳಗೆ ಹಾಕುತ್ತಿದ್ದ ಮನುಷ್ಯ. ಇನ್ನು ಜನ ನೆಮ್ಮದಿಯಿಂದ ಬರುತ್ತಾರೆಂದು ಪಾಪ ಅವರು ನಂಬಿದ್ದರು.

ನಮ್ಮ ಜನ ಅಷ್ಟು ಸುಲಭವಾ? "ನನಗೆ ಆ ಕಾಯಿಲೆ ಉಂಟೂಂತ ಡಾಕ್ಟ್ರಿಗೆ ಡೌಟಾ?" ಎಂದು ಬ್ಯಾಂಕಿನ ಗುಮಾಸ್ತರೊಬ್ಬರು ಕುರ್ಚಿಯಿಂದಲೇ ಎದ್ದು ಹೋದರು. ಅದಕ್ಕಿಂತ ದೊಡ್ಡ ಎಡವಟ್ಟು ಪೌಡರಿನಿಂದಾಯಿತು. ಸಲೀಸಾಗಿ ಹಾಕಿಕೊಳ್ಳಲೆಂದು ಗ್ಲೌಸಿನೊಳಗೆ ಪೌಡರು ಹಾಕಿರುತ್ತಾರೆ, ಬಿಚ್ಚಿದಾಗ ಕೈ ಬೆಳ್ಳಗಾಗಿರುತ್ತದೆ. ಒಂದು ದಿನ ಡಾಕ್ಟರು ಅದೇ ಕೈಯಲ್ಲಿ ಹೊರಗೆ ಬಂದು ಫೋನ್ ಹಿಡಿದುಕೊಂಡು ಹತ್ತು ನಿಮಿಷ ಮಾತಾಡಿದರು. ಬೆಂಚಿನಲ್ಲಿದ್ದ ಐದು ಜನ ಕಣ್ಣು ಮಿಟುಕಿಸದೆ ನೋಡಿದರು. ಸಂಜೆಯೊಳಗೆ ಸುದ್ದಿ ರೂವಿಯ ಬಸ್ ಸ್ಟ್ಯಾಂಡ್ ದಾಟಿತು. ಡಾಕ್ಟರ ಕೈಗೆ ಏನೋ ಬಂದಿದೆ, ಚರ್ಮ ಬೆಳ್ಳಗಾಗುತ್ತಿದೆ, ಅದನ್ನು ಮುಚ್ಚಲಿಕ್ಕೇ ಗ್ಲೌಸು.

ಅಲ್ಲಿ ವಾರದ ರಜೆ ಶುಕ್ರವಾರ, ಆ ದಿನ ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೊರಗೆ ಬರುವಾಗ ಪರಿಚಯದ ಹೆಂಗಸೊಬ್ಬರು ನನ್ನ ಭುಜ ಸವರಿ, "ನಿಮ್ಮ ಡಾಕ್ಟ್ರು ಈಗ ಹೇಗಿದ್ದಾರೆ? ಸಣ್ಣ ಪ್ರಾಯ, ಪಾಪ" ಎಂದರು.

"ಅವರ ಕೈಗೆ ಎಂತದ್ದೂ ಆಗ್ಲಿಲ್ಲ. ಆದದ್ದು ನಿಮ್ಮ ನಾಲಗೆಗೆ" ಎಂದೆ. ನನ್ನ ಗಂಡ ಮೊಣಕೈ ಹಿಡಿದು ನನ್ನನ್ನು ಕಾರಿನ ಕಡೆಗೆ ಎಳೆದುಕೊಂಡು ಹೋದರು. ಅಲ್ ಹೈಲಿನಲ್ಲಿದ್ದ ನಮ್ಮ ಮನೆ ಸೇರುವವರೆಗೂ ನಾನು ಬೈಯುತ್ತಲೇ ಇದ್ದೆ.

ಬೆಂಚುಗಳು ಖಾಲಿ ಹೊಡೆಯುತ್ತಿದ್ದ ಆ ದಿನಗಳಲ್ಲಿ ಒಂದು ಬೆಳಿಗ್ಗೆ ಹಾಜಿಯವರು ಮೆಟ್ಟಿಲು ಹತ್ತಿ ಬಂದರು. ಕೆಳಗಿನ ಬಟ್ಟೆ ಅಂಗಡಿ ಅವರದೇ, ನಮ್ಮ ಮಂಗಳೂರಿನ ಕಡೆಯ ಬ್ಯಾರಿಗಳು. ಎಡಗೆನ್ನೆ ಊದಿ ಕಣ್ಣಿನವರೆಗೆ ಹೋಗಿತ್ತು, ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಮೂರು ದಿನದಿಂದ ಅರ್ಧ ಮೆಟ್ಟಿಲು ಹತ್ತಿ ವಾಪಸು ಇಳಿಯುತ್ತಿದ್ದುದನ್ನು ನಾನು ಕಂಡಿದ್ದೆ. ಅಂದು ಬೆಂಚಿನವರೆಗೆ ಬಂದು ಅಲ್ಲೇ ಕುಳಿತರು. ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಅವರು ಬಾಯಮ್ಮ ಎಂದೇ ಕರೆಯುತ್ತಿದ್ದರು.

"ಬಾಯಮ್ಮ, ಇನ್ನು ಹತ್ತು ದಿನಕ್ಕೆ ಊರಲ್ಲಿ ಮಗಳ ನಿಕಾಹ್. ಮದುಮಗನ ಕೈ ಹಿಡಿದು, ಮಗಳನ್ನು ಕೊಟ್ಟೆ ಅಂತ ನಾನು ಹೇಳ್ಬೇಕು. ಈ ಬಾಯಲ್ಲಿ ಹೇಗೆ ಹೇಳುದು?"

"ನಿಮ್ಮ ಪರವಾಗಿ ಮಸೀದಿಯ ಖತೀಬರು ಹೇಳ್ಬಹುದಲ್ವಾ?"

"ಹೇಳ್ಬಹುದು. ಅವಳು ಹುಟ್ಟುವಾಗ ನಾನು ಇಲ್ಲಿ. ಶಾಲೆಗೆ ಸೇರುವಾಗ ಇಲ್ಲಿ. ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗಲೂ ಇಲ್ಲೇ. ಇದೊಂದನ್ನೂ ಬೇರೆಯವರ ಬಾಯಲ್ಲಿ ಹೇಳಿಸುದಾ?"

ನನಗೆ ಸಂಕಟವಾಯಿತು. "ಹಾಗಾದ್ರೆ ಒಳಗೆ ಬನ್ನಿ" ಎಂದೆ.

"ಹೆದರಿಕೆ ಆಗ್ತದೆ. ಆ ಕಾಯಿಲೆ ಹಚ್ಚಿಕೊಂಡು ಮದುವೆ ಮನೆಗೆ ಹೋಗುದಾ?"

ನಾನು ಒಂದು ಜೊತೆ ಗ್ಲೌಸು ತಂದು ಅವರ ಮುಂದೆಯೇ ಹಾಕಿಕೊಂಡು, ಬಿಚ್ಚಿ, ನನ್ನ ಬಿಳಿ ಕೈ ತೋರಿಸಿದೆ. ಅವರು ಗ್ಲೌಸನ್ನು ಮೂಸಿ ನೋಡಿ, ಪೌಡರನ್ನು ಬೆರಳಲ್ಲಿ ಉಜ್ಜಿ ನೋಡಿ, "ಅಕ್ಕಿಹಿಟ್ಟಿನ ಹಾಗೆ ಉಂಟು. ಸರಿ, ಕೈಯ ವಿಷಯ ಆಯ್ತು. ಇಕ್ಕಳ?" ಎಂದರು.

"ಅದನ್ನು ದಿನಾ ನಾನೇ ಕುದಿಸುದು ಹಾಜಿಯವರೇ. ನನ್ನ ಮೇಲೆ ನಂಬಿಕೆ ಇಲ್ವಾ?"

"ಉಂಟು. ಮೊದಲು ನೀವು ಕೂತ್ಕೊಳ್ಳಿ. ನೀವು ಬಾಯಿ ತೆರೆದ್ರೆ ನಾನೂ ತೆರೀತೇನೆ."

ಒಳಗಿದ್ದ ಡಾಕ್ಟರಿಗೆ ಖುಷಿಯೋ ಖುಷಿ. ದವಡೆ ಹಲ್ಲು ತೋರಿಸು ಎಂದು ನನಗೆ ಎರಡು ವರ್ಷದಿಂದ ಹೇಳುತ್ತಿದ್ದರು, ನಾನು ಜಾರಿಕೊಳ್ಳುತ್ತಿದ್ದೆ. ಈಗ ಮಾನದ ಪ್ರಶ್ನೆ, ಹೋಗಿ ಕುಳಿತೆ. ಹಾಜಿಯವರು ಬಾಗಿಲಲ್ಲಿ ನಿಂತರು. ಆರು ವರ್ಷದಲ್ಲಿ ಮೊದಲ ಸಲ ಆ ಕುರ್ಚಿಯ ಮೇಲಿನ ದೀಪವನ್ನು ಕೆಳಗಿನಿಂದ ನೋಡಿದೆ. ಡಾಕ್ಟರು ಕನ್ನಡಿಯನ್ನೂ ಮೊನಚು ಕಡ್ಡಿಯನ್ನೂ ಹಿಡಿದು ಬಗ್ಗಿದರು. ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಆ ದಿನ ಅಲ್ ಹೈಲಿನಿಂದ ಟ್ಯಾಕ್ಸಿ ಸಿಗುವುದು ತಡವಾಗಿತ್ತು. ಓಡಿ ಬಂದು ಇಕ್ಕಳ ಕನ್ನಡಿಗಳನ್ನು ಕುದಿಯಲು ಇಟ್ಟವಳು ಯಾವಾಗ ತೆಗೆದೆ? ಆಗಬೇಕಾದ ಇಪ್ಪತ್ತು ನಿಮಿಷವಾಗಿತ್ತಾ, ಹತ್ತೇ ಆಗಿತ್ತಾ? ನನಗೇ ನೆನಪಿರಲಿಲ್ಲ.

"ಡಾಕ್ಟ್ರೇ, ಇದನ್ನು ಸರೀ ಕುದಿಸಿದ್ದಾ?"

"ಕುದಿಸಿದ್ದು ನೀನಲ್ವಾ?"

"ಅದಕ್ಕೇ ಕೇಳಿದ್ದು."

ಡಾಕ್ಟರು ಕಡ್ಡಿಯನ್ನು ಟ್ರೇಯಲ್ಲಿಟ್ಟು ನನ್ನನ್ನು ನೋಡಿದರು. ಮಾಸ್ಕಿನ ಮೇಲೆ ಕಣ್ಣುಗಳು ಮಾತ್ರ ಕಾಣುತ್ತಿದ್ದವು, ಅಷ್ಟು ಸಾಕಾಗಿತ್ತು. ನಾಚಿಕೆಯಿಂದ ನನಗೆ ಎಲ್ಲಿ ಮುಖ ಇಡುವುದೆಂದು ತಿಳಿಯಲಿಲ್ಲ. ತಡವಾದದ್ದು, ಗಡಿಬಿಡಿಯಲ್ಲಿ ತೆಗೆದದ್ದು, ಎಲ್ಲ ಒಪ್ಪಿಕೊಂಡೆ. ಕೆಲಸವೂ ಹೋಯಿತು, ಇದ್ದ ಒಬ್ಬ ಪೇಶೆಂಟೂ ಹೋದರು ಎಂದುಕೊಂಡೆ.

ಹಾಜಿಯವರು ಕೆನ್ನೆ ಹಿಡಿದುಕೊಂಡು ಅರ್ಧ ಬಾಯಲ್ಲಿ ನಗುತ್ತಿದ್ದರು. "ನೀವು ಆರಾಮಾಗಿ ಬಾಯಿ ತೆರೆದಿದ್ರೆ ನನ್ನ ಸಂಶಯ ಹೋಗ್ತಿರ್ಲಿಲ್ಲ. ನಿಮಗೂ ನನ್ನಷ್ಟೇ ಹೆದರಿಕೆ ಉಂಟಲ್ಲ, ಈಗ ಧೈರ್ಯ ಬಂತು. ಪುನಃ ಕುದಿಸಿ. ನಾನು ನೋಡ್ತೇನೆ."

ಕುದಿಸುವ ಪಾತ್ರೆಯ ಪಕ್ಕಕ್ಕೆ ಅವರೇ ಸ್ಟೂಲು ಎಳೆದುಕೊಂಡು, ವಾಚು ಬಿಚ್ಚಿ ಕೈಯಲ್ಲಿ ಹಿಡಿದು ಕುಳಿತರು. ಮದುವೆಯ ಬಿರಿಯಾನಿಯನ್ನೂ ಯಾರೂ ಹಾಗೆ ಕಾದಿರಲಾರರು. ಇಪ್ಪತ್ತು ನಿಮಿಷವಾಗಿ ನಾನು ಮುಚ್ಚಳಕ್ಕೆ ಕೈ ಹಾಕಿದರೆ, "ಇನ್ನೊಂದು ಐದು ನಿಮಿಷ ಇರ್ಲಿ" ಎಂದರು. ಡಾಕ್ಟರೂ ನಾನೂ ತೆಪ್ಪಗೆ ಕಾದೆವು.

ಆಮೇಲೆ ಅವರು ಕುರ್ಚಿ ಹತ್ತಿ ಕಣ್ಣು ಮುಚ್ಚಿಕೊಂಡರು. ಡಾಕ್ಟರು ವಸಡು ಕೊಯ್ದು ಕೀವು ತೆಗೆದರು, ಹತ್ತಿ ಇಟ್ಟರು, ಮಾತ್ರೆ ಬರೆದುಕೊಟ್ಟರು. ಬಾವು ಇಳಿದ ಮೇಲೆ ವಿಮಾನ ಹತ್ತುವ ಮೊದಲು ಹಲ್ಲು ಕೀಳೋಣ ಎಂದರು. "ಅರ್ಧ ಗಂಟೆ ಮಾತಾಡ್ಬಾರ್ದು" ಎಂದೂ ಹೇಳಿದರು. ಹಾಜಿಯವರು ತಲೆಯಾಡಿಸಿದರು.

ನಾನು ನಲ್ಲಿಯ ಹತ್ತಿರ ಟ್ರೇ ತೊಳೆಯುತ್ತಿದ್ದೆ. ಹಿಂದಿನಿಂದ ಏನೋ ಸಣ್ಣ ಸ್ವರ ಕೇಳಿ ತಿರುಗಿದೆ. ಹಾಜಿಯವರು ಗೋಡೆಗೆ ಮುಖ ಮಾಡಿ, ಯಾರದೋ ಕೈ ಹಿಡಿದಂತೆ ಬಲಗೈ ಮುಂದೆ ಚಾಚಿ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ತಮ್ಮ ಭಾಷೆಯಲ್ಲಿ ನಿಕಾಹಿನ ಮಾತನ್ನು ಹೇಳಿ ನೋಡುತ್ತಿದ್ದರು. ಮಗಳ ಹೆಸರಿನವರೆಗೆ ಬಂದು ನಿಲ್ಲಿಸಿದರು. ಮತ್ತೆ ಮೊದಲಿಂದ ಶುರು ಮಾಡಿದರು.

ಡಾಕ್ಟರು ಗದರಲು ಮಾಸ್ಕು ಇಳಿಸಿದವರು ನನ್ನ ಮುಖ ನೋಡಿ ಅದನ್ನು ಮತ್ತೆ ಏರಿಸಿಕೊಂಡರು. ನಾನು ನೀರು ಸದ್ದು ಮಾಡದ ಹಾಗೆ ನಲ್ಲಿ ನಿಲ್ಲಿಸಿದೆ.